ಉಪಾಸಕರು (ಸಂಸಾರಿ ಬೌದ್ಧರು) ಬೇರೆಯವರಿಗೆ ಧಮ್ಮ (ಬುದ್ಧನ ಬೋಧನೆ) ಹೇಳಿಕೊಡಬಹುದಾ, ಇಲ್ಲಾ ಅದು ಭಂತೇಜಿಗಳ (ಭಿಕ್ಷುಗಳ) ಕೆಲಸ ಅಷ್ಟೇನಾ?

ಟ್ಯೂಷನ್_ಮಿಸ್ (ಮೈಸೂರು)
ಎಲ್ಲರಿಗೂ ನಮಸ್ಕಾರ. ತಿಳಿದವರು ಸ್ವಲ್ಪ ಹೇಳಿ. ನಾನು ಮನೆಯಲ್ಲೇ ಹೈಸ್ಕೂಲ್ ಮಕ್ಕಳಿಗೆ ಗಣಿತ, ವಿಜ್ಞಾನ ಟ್ಯೂಷನ್ ಮಾಡುತ್ತೇನೆ. ಅಪ್ಪನ ಕಾಲದಿಂದಲೂ ನಾವು ಬೌದ್ಧರು. ಹಾಲ್‌ನಲ್ಲಿ ಬುದ್ಧನ ಮೂರ್ತಿ ಇದೆ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ. ಪಾಠಕ್ಕೆ ಮುಂಚೆ ಐದು ನಿಮಿಷ ಮಕ್ಕಳನ್ನು ಕಣ್ಣು ಮುಚ್ಚಿ ಕೂರಿಸಿ ಉಸಿರು ಗಮನಿಸಿ ಅನ್ನುತ್ತೇನೆ. ಗಲಾಟೆ ನಿಲ್ಲಲಿ ಅಂತಲೇ ಶುರು ಮಾಡಿದ್ದು, ದೊಡ್ಡ ಉದ್ದೇಶ ಏನೂ ಇರಲಿಲ್ಲ. ಆಮೇಲೆ ಒಬ್ಬ ಹುಡುಗಿ ಅಜ್ಜಿ ತೀರಿಕೊಂಡ ಮೇಲೆ ತುಂಬಾ ಮಂಕಾಗಿದ್ದಳು. ಅವಳೇ ಏನೋ ಕೇಳಿದಳು, ನಾನು ಕಿಸಾಗೋತಮಿಯ ಸಾಸಿವೆ ಕಥೆ ಹೇಳಿದೆ, ಮಗು ಕಳೆದುಕೊಂಡವಳಿಗೆ ಬುದ್ಧ ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂದದ್ದು. ಮಿಕ್ಕ ಮಕ್ಕಳು "ಇನ್ನೊಂದು ಕಥೆ ಹೇಳಿ ಮಿಸ್" ಅಂದರು. ಹಾಗೇ ಶನಿವಾರಕ್ಕೊಂದು ಕಥೆ ಆಯಿತು, ಪಂಚಶೀಲ (ಬೌದ್ಧರ ಐದು ನಡತೆಯ ನಿಯಮ) ಅಂದರೇನು ಅನ್ನುವವರೆಗೂ ಬಂತು.

ಈಗ ಎರಡೂ ಕಡೆಯಿಂದ ಬೈಸಿಕೊಳ್ಳುತ್ತಿದ್ದೇನೆ. ಒಬ್ಬ ಹುಡುಗನ ತಂದೆ ಫೋನ್ ಮಾಡಿ "ಏನ್ ಮೇಡಂ, ಟ್ಯೂಷನ್ನೋ ಮತಾಂತರಾನೋ?" ಅಂದರು. ಅದು ಹೋಗಲಿ ಅಂದರೆ, ನಾವು ಹೋಗುವ ವಿಹಾರದ ಹಿರಿಯರೊಬ್ಬರು "ಸಂಸಾರಿಗಳು ಧಮ್ಮ ಬೋಧಿಸುವ ಹಾಗಿಲ್ಲಮ್ಮ, ದಾನ ಮಾಡಿ, ಶೀಲ ಪಾಲಿಸಿ, ಬೋಧನೆ ಭಿಕ್ಷು ಸಂಘಕ್ಕೆ ಬಿಡಿ" ಅಂದರು. ನನಗೆ ಎರಡನೆಯದೇ ಜಾಸ್ತಿ ಚುಚ್ಚಿತು. ನಿಜವಾಗಲೂ ಹಾಗೊಂದು ನಿಯಮ ಇದೆಯಾ?

ಭೀಮಾತೀರ (ಕಲಬುರಗಿ)
ಜೈ ಭೀಮ್ ಅಕ್ಕಾ. ಯಾವ ನಿಯಮಾನೂ ಇಲ್ಲ. ಮುಂದುವರಿಸಿ.

ಬೋಧಿಎಲೆ (ಬೆಂಗಳೂರು)
ಅಷ್ಟು ಬೇಗ ತೀರ್ಪು ಕೊಟ್ಟರೆ ಹೇಗೆ. "ಬಹುಜನರ ಹಿತಕ್ಕಾಗಿ, ಬಹುಜನರ ಸುಖಕ್ಕಾಗಿ ಸಂಚಾರ ಹೊರಡಿ, ಧಮ್ಮ ಬೋಧಿಸಿ" ಅಂತ ಬುದ್ಧ ಹೇಳಿದ್ದು ಯಾರಿಗೆ? ಇಸಿಪತನದಲ್ಲಿ (ಈಗಿನ ಸಾರನಾಥ) ಅರಹಂತರಾಗಿದ್ದ, ಅಂದರೆ ಪೂರ್ತಿ ಮುಕ್ತರಾಗಿದ್ದ ಅರವತ್ತು ಭಿಕ್ಷುಗಳಿಗೆ. ಸಂಸಾರ ಮಾಡಿಕೊಂಡಿರುವ ನಮಗಲ್ಲ. ಧಮ್ಮಪದದಲ್ಲೂ ಮೊದಲು ನೀನು ಸರಿಯಾದ ದಾರಿಯಲ್ಲಿ ನಿಲ್ಲು, ಆಮೇಲೆ ಬೇರೆಯವರಿಗೆ ಬುದ್ಧಿ ಹೇಳು ಅಂತಿದೆ. ಬೆಳಿಗ್ಗೆ ಹಾಲಿನವನ ಜೊತೆ ಜಗಳ ಆಡಿ ಸಂಜೆ ಮೈತ್ರಿಯ ಬಗ್ಗೆ ಭಾಷಣ ಮಾಡುವವರು ನಮ್ಮಲ್ಲಿ ಏನು ಕಮ್ಮಿ ಇದ್ದಾರಾ?

ಆಕಾಶವಾಣಿ_ಅಭಿಮಾನಿ
ಬಹುಜನ ಹಿತಾಯ ಬಹುಜನ ಸುಖಾಯ ಅನ್ನೋದು ಆಕಾಶವಾಣಿಯ ಧ್ಯೇಯವಾಕ್ಯ ಅಲ್ವಾ? ಅದು ಬುದ್ಧನ ಮಾತು ಅಂತ ಇವತ್ತೇ ಗೊತ್ತಾಗಿದ್ದು 😀

ಪಾಳಿ_ಪ್ರೇಮಿ (ಧಾರವಾಡ)
ಬೋಧಿಎಲೆಯವರೇ, ಅರವತ್ತು ಭಿಕ್ಷುಗಳ ವಿಷಯ ಸರಿ. ಆದರೆ ಅಲ್ಲಿಗೇ ನಿಲ್ಲಿಸಿದರೆ ಹೇಗೆ? ಅಂಗುತ್ತರ ನಿಕಾಯ ಅನ್ನುವ ಪಾಳಿ ಉಪದೇಶಗಳ ಸಂಗ್ರಹದ ಎಂಟರ ವರ್ಗದಲ್ಲಿ ಮಹಾನಾಮ ಸುತ್ತ (ಸುತ್ತ ಅಂದರೆ ಉಪದೇಶ) ಇದೆ, ನೋಡಿ. ಮಹಾನಾಮ ಶಾಕ್ಯ ಕುಲದವನು, ಅಪ್ಪಟ ಸಂಸಾರಿ. ಅವನು ನೇರವಾಗಿ ಇದನ್ನೇ ಕೇಳುತ್ತಾನೆ. ಉಪಾಸಕನಾದವನು ತನ್ನ ಹಿತಕ್ಕೆ ಮಾತ್ರ ನಡೆಯುವುದು ಯಾವಾಗ, ತನ್ನ ಹಿತಕ್ಕೂ ಬೇರೆಯವರ ಹಿತಕ್ಕೂ ನಡೆಯುವುದು ಯಾವಾಗ ಅಂತ. ಬುದ್ಧನ ಉತ್ತರ ಇಷ್ಟು: ತಾನು ಶ್ರದ್ಧೆ ಇಟ್ಟು, ಶೀಲ ಪಾಲಿಸಿ, ದಾನ ಮಾಡಿ, ಧಮ್ಮ ಕೇಳಿ, ಅರ್ಥ ಮಾಡಿಕೊಂಡು, ಬೇರೆಯವರನ್ನು ಅದಕ್ಕೆ ಹಚ್ಚದೇ ಇದ್ದರೆ ಅದು ತನ್ನ ಹಿತ ಅಷ್ಟೇ. ತಾನೂ ಮಾಡಿ ಬೇರೆಯವರನ್ನೂ ಹಚ್ಚಿದರೆ ಎರಡೂ. ಇನ್ನೇನು ಬೇಕು?

ಇನ್ನು ಚಿತ್ತ ಗೃಹಪತಿ. ಮಚ್ಛಿಕಾಸಂಡದ ಸಾಹುಕಾರ. ಧಮ್ಮ ಹೇಳುವ ಉಪಾಸಕರಲ್ಲಿ ಇವನೇ ಅಗ್ರ ಅಂತ ಬುದ್ಧನೇ ಹೇಳಿದ್ದು. ಸಂಯುತ್ತ ನಿಕಾಯದಲ್ಲಿ ಅವನ ಹೆಸರಲ್ಲೇ ಒಂದು ಭಾಗ ಇದೆ. ಒಂದು ಮಧ್ಯಾಹ್ನ ಹಿರಿಯ ಭಿಕ್ಷುಗಳು ಕೂತು ತಲೆ ಕೆಡಿಸಿಕೊಂಡಿದ್ದರು. ಬಂಧನ, ಬಂಧನ ಹುಟ್ಟಿಸುವ ವಿಷಯಗಳು, ಎರಡೂ ಒಂದೇನಾ ಬೇರೆ ಬೇರೆನಾ ಅಂತ. ಚಿತ್ತ ಬಂದು, ಕರಿ ಎತ್ತು ಬಿಳಿ ಎತ್ತು ಒಂದೇ ಹಗ್ಗದಲ್ಲಿ ಕಟ್ಟಿದ್ದರೆ ಕರಿ ಎತ್ತು ಬಿಳಿ ಎತ್ತಿಗೆ ಬಂಧನ ಅಂತೀರಾ, ಹಗ್ಗವೇ ತಾನೇ ಬಂಧನ, ಹಾಗೇ ಕಣ್ಣು ನೋಟಕ್ಕೆ ಬಂಧನ ಅಲ್ಲ, ನೋಟ ಕಣ್ಣಿಗೆ ಬಂಧನ ಅಲ್ಲ, ಎರಡರ ನಡುವೆ ಹುಟ್ಟುವ ಆಸೆಯೇ ಬಂಧನ ಅಂದ. ಭಿಕ್ಷುಗಳು ಒಪ್ಪಿದರು. ಸಂಸಾರಿಯೊಬ್ಬ ಭಿಕ್ಷುಗಳಿಗೇ ಹೇಳಿಕೊಟ್ಟ ಪ್ರಸಂಗ ಇದು.

ಹೊಯ್ಸಳ_ಹಾಸನ
ಚಿತ್ತ ಯಾರೋ ಭಿಕ್ಷು ಜೊತೆ ಜಗಳ ಆಡಿದ ಕಥೆ ಇದೆಯಲ್ಲ, ಅದು ಇವನೇನಾ?

ಪಾಳಿ_ಪ್ರೇಮಿ (ಧಾರವಾಡ)
ಇವನೇ. ಜಗಳ ತೆಗೆದದ್ದು ಭಿಕ್ಷು. ಸುಧಮ್ಮ ಅಂತ ಒಬ್ಬರು, ಚಿತ್ತನ ತೋಟದಲ್ಲೇ ಇದ್ದವರು. ತನ್ನನ್ನು ಕೇಳದೆ ಬೇರೆ ಥೇರರನ್ನು (ಹಿರಿಯ ಭಿಕ್ಷುಗಳನ್ನು) ಊಟಕ್ಕೆ ಕರೆದ ಅಂತ ಸಿಟ್ಟು. ಮನೆಗೆ ಬಂದು ಅಡುಗೆ ಎಲ್ಲ ನೋಡಿ "ಎಲ್ಲಾ ಇದೆ, ಎಳ್ಳಿನ ತಿಂಡಿ ಒಂದಿಲ್ಲ" ಅಂತ ಕೊಂಕು ಮಾತಾಡಿದರು. ವಿಷಯ ಬುದ್ಧನ ತನಕ ಹೋಯಿತು. ಬುದ್ಧ ಸುಧಮ್ಮನಿಗೇ ಬೈದು, ಹೋಗಿ ಚಿತ್ತನ ಹತ್ತಿರ ಕ್ಷಮೆ ಕೇಳು ಅಂದ. ಭಿಕ್ಷುಗಳ ನಿಯಮಗಳ ಗ್ರಂಥ ವಿನಯ ಪಿಟಕದಲ್ಲೇ ಇದೆ.

ಭೀಮಾತೀರ (ಕಲಬುರಗಿ)
ನಮ್ಮ ಕಡೆ ಊಟಕ್ಕೆ ಕರೆದು ಎಳ್ಳು ಹೋಳಿಗೆ ಇಲ್ಲ ಅಂದರೆ ಸಿಟ್ಟು ಬರೋದು ಸಹಜ ರೀ 😂

ಹೊಯ್ಸಳ_ಹಾಸನ
ಸಂಕ್ರಾಂತಿ ಹತ್ತಿರ ಇದ್ದಿರಬೇಕು.

ಅಡ್ಮಿನ್
ಹೋಳಿಗೆಗೆ ಬೇರೆ ಥ್ರೆಡ್ ತೆಗೆಯಿರಿ. ಇಲ್ಲಿ ವಿಷಯಕ್ಕೆ ಬನ್ನಿ.

ನೀಲಿ_ಬಾವುಟ (ಬೀದರ್)
ಪುಸ್ತಕದ ಉದಾಹರಣೆ ಯಾಕೆ, 1956ರ ಅಕ್ಟೋಬರ್ 14 ನೋಡಿ. ನಾಗಪುರದಲ್ಲಿ ಬಾಬಾಸಾಹೇಬರಿಗೆ ತಿಸರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣು), ಪಂಚಶೀಲ ಕೊಟ್ಟವರು ಕುಶಿನಗರದ ಭಿಕ್ಷು ಚಂದ್ರಮಣಿ. ಸರಿ. ಅದಾದ ಮೇಲೆ ಮೈದಾನದಲ್ಲಿದ್ದ ಲಕ್ಷಾಂತರ ಜನಕ್ಕೆ ದೀಕ್ಷೆ ಕೊಟ್ಟವರು ಯಾರು? 22 ಪ್ರತಿಜ್ಞೆ ಹೇಳಿಸಿದವರು ಯಾರು? ಬಾಬಾಸಾಹೇಬರೇ. ಚೀವರ (ಭಿಕ್ಷುಗಳ ಬಟ್ಟೆ) ಉಟ್ಟವರಲ್ಲ, ಸಂಸಾರಿ. ಸಂಘಕ್ಕೆ ಬಿಡಿ ಅಂತ ಅವತ್ತು ಅವರು ಸುಮ್ಮನಿದ್ದಿದ್ದರೆ ಇವತ್ತು ನಮ್ಮ ಹಳ್ಳಿಗಳಲ್ಲಿ ಬುದ್ಧ ವಂದನೆಯೇ ಇರುತ್ತಿರಲಿಲ್ಲ.

ಇನ್ನೊಂದು ವಿಷಯ. ನಮ್ಮ ತಾಲ್ಲೂಕಿನ ಹಳ್ಳಿಗಳಿಗೆ ಭಂತೇಜಿ ಬರುವುದು ವರ್ಷಕ್ಕೆ ಒಂದೆರಡು ಸಲ, ಅದೂ ಬುದ್ಧ ಪೂರ್ಣಿಮೆಗೋ ಧಮ್ಮಚಕ್ರ ದಿನಕ್ಕೋ. ಮದುವೆ ಮಾಡಿಸುವವರು, ಹೆಣಕ್ಕೆ ಮುಂದೆ ನಿಂತು ಗಾಥೆ ಹೇಳುವವರು ಎಲ್ಲಾ ಬೌದ್ಧಾಚಾರ್ಯರು. ಯಾರು ಅವರು? ನಮ್ಮ ಊರಲ್ಲಿ ಒಬ್ಬರು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವರು. ಬಿಳಿ ಅಂಗಿ, ಬಿಳಿ ಪೈಜಾಮ ಹಾಕಿಕೊಂಡು ಸ್ಕೂಟರ್‌ನಲ್ಲಿ ಬಂದು, ಮೇಣದಬತ್ತಿ ಹಚ್ಚಿ, ಮೈಕ್ ಹಿಡಿದು ತಿಸರಣ ಹೇಳಿಸಿ, ಗಂಡು ಹೆಣ್ಣಿಗೆ ಪ್ರತಿಜ್ಞೆ ಮಾಡಿಸಿ, ಊಟಕ್ಕೂ ನಿಲ್ಲದೆ ಮುಂದಿನ ಮದುವೆಗೆ ಹೋಗುತ್ತಾರೆ. ಅವರಿಗೂ ಹೇಳುತ್ತೀರಾ ಬೋಧನೆ ನಿಮ್ಮ ಕೆಲಸ ಅಲ್ಲ ಅಂತ?

ಬೋಧಿಎಲೆ (ಬೆಂಗಳೂರು)
ಮದುವೆ ಮಾಡಿಸುವುದು ಬೇರೆ, ಧಮ್ಮದ ಆಳ ಹೇಳುವುದು ಬೇರೆ. ಬಾಬಾಸಾಹೇಬರು ವರ್ಷಗಟ್ಟಲೆ ಓದಿ ಆ ಕೆಲಸಕ್ಕೆ ಇಳಿದವರು. ನಾನು ನೀವು ಮೂರು ಯೂಟ್ಯೂಬ್ ವಿಡಿಯೊ ನೋಡಿ ಶೂನ್ಯತೆ ಬಗ್ಗೆ ಮಾತಾಡುವುದು ಅದಕ್ಕೆ ಸಮಾನಾನಾ? ನನ್ನ ಆತಂಕ ಅಷ್ಟೇ.

ನೀಲಿ_ಬಾವುಟ (ಬೀದರ್)
ಇಲ್ಲಿ ಶೂನ್ಯತೆ ಬಗ್ಗೆ ಯಾರು ಮಾತಾಡಿದರು? ಮೇಡಂ ಹೇಳಿದ್ದು ಸಾಸಿವೆ ಕಥೆ.

ಹತ್ತು_ದಿನ_ಮೌನ
ವಿಪಸ್ಸನ (ಬೌದ್ಧ ಧ್ಯಾನ) ಶಿಬಿರ ಮಾಡಿ ಬಂದವನಾಗಿ ಹೇಳುತ್ತೇನೆ, ಎರಡೂ ಕಡೆ ನಿಜ ಇದೆ. ನಮ್ಮ ಪರಂಪರೆಯೇ ಸಂಸಾರಿಗಳದ್ದು. ಬರ್ಮಾದಲ್ಲಿ ಸಯಾ ಥೆಟ್‌ಜಿ ಒಬ್ಬ ರೈತ. ಅವರ ಶಿಷ್ಯ ಊ ಬಾ ಖಿನ್, ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್, ಆಫೀಸಿನಲ್ಲೇ ಧ್ಯಾನ ಹೇಳಿಕೊಟ್ಟವರು. ಅವರ ಶಿಷ್ಯ ಗೋಯಂಕಾಜಿ ವ್ಯಾಪಾರಿ, ಹೆಂಡತಿ ಮಕ್ಕಳಿದ್ದವರು, 1969ರಲ್ಲಿ ಭಾರತಕ್ಕೆ ಬಂದು ಕಲಿಸಿದರು. ನಮ್ಮ ತುಮಕೂರು ರಸ್ತೆಯ ಧಮ್ಮ ಪಫುಲ್ಲ ಧ್ಯಾನ ಕೇಂದ್ರದಲ್ಲಿ ಇವತ್ತಿಗೂ ಕಲಿಸುವವರು ಬಹಳಷ್ಟು ಸಂಸಾರಿಗಳೇ. ಫೀಸ್ ಇಲ್ಲ, ಹಳೇ ವಿದ್ಯಾರ್ಥಿಗಳ ದಾನದಲ್ಲೇ ನಡೆಯುತ್ತೆ.

ಆದರೆ ಅಲ್ಲೇ ಖಡಕ್ಕಾಗಿ ಹೇಳುತ್ತಾರೆ, ಶಿಬಿರ ಮುಗಿಸಿದ ಕೂಡಲೇ ಹೋಗಿ ಬೇರೆಯವರಿಗೆ ಕಲಿಸಬೇಡಿ ಅಂತ. ಯಾಕೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ. ನಮ್ಮ ಭಾವ ಹತ್ತು ದಿನ ಬಾಯಿ ಮುಚ್ಚಿ ಕೂತು ಬಂದರು, ಬಂದ ಮೇಲೆ ತಿಂಗಳುಗಟ್ಟಲೆ ಬಾಯಿ ಮುಚ್ಚಲೇ ಇಲ್ಲ. ಅಕ್ಕನಿಗೆ ಅನಿಚ್ಚ (ಎಲ್ಲಾ ಅನಿತ್ಯ), ಅತ್ತೆಗೆ ಅನಿಚ್ಚ, ಕುಕ್ಕರ್ ಗ್ಯಾಸ್ಕೆಟ್ ಹೋದರೂ ಅನಿಚ್ಚ. ಅಕ್ಕ ಕೊನೆಗೆ "ನಿಮ್ಮ ಉಪದೇಶವೂ ಅನಿಚ್ಚ ತಾನೇ, ಯಾವಾಗ ಮುಗಿಯುತ್ತೆ" ಅಂದಳು.

ಹೊಯ್ಸಳ_ಹಾಸನ
ಅಕ್ಕನೇ ನಿಜವಾದ ಸೋತಾಪನ್ನೆ (ಮುಕ್ತಿಯ ಮೊದಲ ಮೆಟ್ಟಿಲು ಏರಿದವಳು) 🙏

ಕುಶಾಲನಗರದವನು
ನಮ್ಮ ಪಕ್ಕದಲ್ಲೇ ಬೈಲಕುಪ್ಪೆ. 60ರ ದಶಕದ ಶುರುವಿನಿಂದ ಟಿಬೆಟಿನವರು ಇದ್ದಾರೆ. ಅವರ ಅಂಗಡಿಗಳಿಗೆ ಚಿಕ್ಕವನಿದ್ದಾಗಿನಿಂದ ಹೋಗುತ್ತೇನೆ, ನಮ್ಮ ಅಪ್ಪ ಅವರ ಜೋಳ ಸಾಗಿಸುತ್ತಿದ್ದರು. ಒಬ್ಬರೂ ಒಂದು ದಿನವೂ ನಮ್ಮ ಧರ್ಮಕ್ಕೆ ಬನ್ನಿ ಅಂದಿಲ್ಲ. ದಲೈ ಲಾಮಾ ಅವರೂ ಎಲ್ಲೇ ಹೋದರೂ ನಿಮ್ಮ ನಿಮ್ಮ ಧರ್ಮದಲ್ಲೇ ಇರಿ ಅಂತಲೇ ಹೇಳುತ್ತಾರೆ. ಗೋಲ್ಡನ್ ಟೆಂಪಲ್‌ಗೆ ಬಸ್ಸುಗಟ್ಟಲೆ ಜನ ಬಂದು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, ಅವರ ಪಾಡಿಗೆ ಅವರು ಪೂಜೆ ಮಾಡುತ್ತಿರುತ್ತಾರೆ. ಕೇಳಿದರೆ ಮಾತ್ರ ಹೇಳುವುದು ಅಂದರೆ ಅದು. ಬುದ್ಧನೂ ಮೂರು ಸಲ ಕೇಳಿಕೊಳ್ಳದೆ ಯಾರಿಗೂ ಹೇಳುತ್ತಿರಲಿಲ್ಲ ಅಂತ ಓದಿದ್ದೆ.

ಪಾಳಿ_ಪ್ರೇಮಿ (ಧಾರವಾಡ)
ಮೂರು ಸಲದ್ದು ಕೆಲವು ಪ್ರಸಂಗಗಳಲ್ಲಿ ಮಾತ್ರ. ಅಂಗುಲಿಮಾಲ ಬನ್ನಿ ಅಂತ ಕರೆದಿದ್ದನಾ? ಕಸಿ ಭಾರದ್ವಾಜ ಅನ್ನುವ ಬ್ರಾಹ್ಮಣ ಬಿತ್ತನೆ ದಿನ ಕೆಲಸದವರಿಗೆ ಊಟ ಬಡಿಸುತ್ತಿದ್ದಾಗ ಬುದ್ಧ ತಾನೇ ಹೋಗಿ ನಿಂತ. "ನಾನು ಉತ್ತು ಬಿತ್ತಿ ಉಣ್ಣುತ್ತೇನೆ, ನೀನೂ ಉತ್ತು ಬಿತ್ತಿ ಉಣ್ಣು" ಅಂತ ಬೈಸಿಕೊಂಡು, ನಾನೂ ಉಳುವವನೇ, ಶ್ರದ್ಧೆಯೇ ನನ್ನ ಬೀಜ ಅಂತ ಉತ್ತರ ಕೊಟ್ಟ. ಕರೆಯದೇ ಹೋಗಿದ್ದೂ ಉಂಟು.

ಹೇಳಿದ್ದು ನಾಟದೇ ಇದ್ದದ್ದೂ ಉಂಟು. ಬೋಧಿಯಾದ ಮೇಲೆ ದಾರಿಯಲ್ಲಿ ಉಪಕ ಅಂತ ಒಬ್ಬ ಆಜೀವಿಕ (ಬೇರೆ ಪಂಥದ ಸನ್ಯಾಸಿ) ಸಿಕ್ಕಿದ. ನಿನ್ನ ಗುರು ಯಾರು ಅಂದ. ನನಗೆ ಗುರು ಇಲ್ಲ, ನಾನೇ ಅರಿತವನು ಅಂದ ಬುದ್ಧ. "ಇದ್ದರೂ ಇರಬಹುದಪ್ಪ" ಅಂತ ತಲೆ ಅಲ್ಲಾಡಿಸಿ ಅವನು ಬೇರೆ ದಾರಿ ಹಿಡಿದು ಹೋದ. ಬುದ್ಧನೇನು ಹಿಂದೆ ಓಡಿ ಹೋಗಲಿಲ್ಲ. ವಾಟ್ಸಾಪ್ ಗ್ರೂಪ್‌ಗಳಲ್ಲಿ ದಿನಾ ಗಾಥೆ ಫಾರ್ವರ್ಡ್ ಮಾಡುವವರು ಇದನ್ನು ಓದಿದರೆ ಒಳ್ಳೆಯದು.

ಕೊಲಂಬೋ_ಕನ್ನಡಿಗ
ಕೆಲಸದ ಮೇಲೆ ಕೊಲಂಬೋದಲ್ಲಿದ್ದೇನೆ. ಇಲ್ಲಿ ಈ ಪ್ರಶ್ನೆ ಕೇಳಿದರೆ ಜನ ನಗುತ್ತಾರೆ. ಭಾನುವಾರ ಬೆಳಿಗ್ಗೆ ರಸ್ತೆ ತುಂಬಾ ಬಿಳಿ ಬಟ್ಟೆ ಹಾಕಿದ ಮಕ್ಕಳು, ಎಲ್ಲರೂ ದಹಂ ಪಾಸಲ್‌ಗೆ ಹೋಗುವವರು. ಧಮ್ಮದ ಭಾನುವಾರದ ಶಾಲೆ ಅದು. ನಡೆಯುವುದು ವಿಹಾರದ ಆವರಣದಲ್ಲಿ, ಆದರೆ ಪಾಠ ಹೇಳುವವರಲ್ಲಿ ಹೆಚ್ಚಿನವರು ಊರಿನ ಅಕ್ಕಂದಿರು, ಅಣ್ಣಂದಿರು, ಪುಕ್ಕಟೆಯಾಗಿ. ನಮ್ಮ ಆಫೀಸಿನ ಅಕೌಂಟ್ಸ್ ವಿಭಾಗದ ಹುಡುಗಿ ಆರನೇ ಕ್ಲಾಸಿಗೆ ಜಾತಕ ಕಥೆ (ಬುದ್ಧನ ಹಿಂದಿನ ಜನ್ಮಗಳ ಕಥೆ) ಹೇಳುತ್ತಾಳೆ. ಮಿಷನರಿ ಶಾಲೆಗಳಿಗೆ ಎದುರಾಗಿ 19ನೇ ಶತಮಾನದ ಕೊನೆಯಲ್ಲಿ ಬೆಳೆದದ್ದು ಇದು. ಕರ್ನಲ್ ಓಲ್ಕಾಟ್ ಬೌದ್ಧ ಧರ್ಮದ ಪ್ರಶ್ನೋತ್ತರ ಪುಸ್ತಕ ಬರೆದದ್ದು 1881ರಲ್ಲಿ, ಅವರೂ ಭಿಕ್ಷು ಅಲ್ಲ. ಮಹಾಬೋಧಿ ಸೊಸೈಟಿ ಕಟ್ಟಿದಾಗ ಧರ್ಮಪಾಲರೂ ಭಿಕ್ಷು ಆಗಿರಲಿಲ್ಲ.

ಒಂದು ವ್ಯತ್ಯಾಸ ಇದೆ. ಇಲ್ಲಿ ಕಲಿಯುವವರು ಬೌದ್ಧರ ಮಕ್ಕಳು, ಅಪ್ಪ ಅಮ್ಮನೇ ಕಳಿಸುವುದು. ಮೇಡಂ ಮನೆಗೆ ಬರುವವರು ಗಣಿತ ಕಲಿಯಲು ಬಂದವರು.

ವಕೀಲ_ಸಾಹೇಬ (ಹುಬ್ಬಳ್ಳಿ)
ಕೊಲಂಬೋದವರು ಸರಿಯಾದ ಜಾಗ ಮುಟ್ಟಿದರು. ಇಷ್ಟು ಹೊತ್ತು ಎಲ್ಲರೂ ಹಿರಿಯರ ಮಾತಿನ ಸುತ್ತಲೇ ಸುತ್ತುತ್ತಿದ್ದೀರಿ, ಆ ತಂದೆಯ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸಲು ಮಾತ್ರ ಅಲ್ಲ, ಪ್ರಚಾರ ಮಾಡಲೂ ಹಕ್ಕು ಕೊಟ್ಟಿದೆ. ಭಿಕ್ಷು, ಸಂಸಾರಿ ಅಂತ ಭೇದ ಇಲ್ಲ. ಆದರೆ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ ಹೇಳಿತು. ಕಥೆ ಹೇಳಿದರೆ ಮತಾಂತರ ಆಗಲ್ಲ, ನಿಜ. ಆದರೂ ಮಕ್ಕಳು ಇರುವಲ್ಲಿ ಅಪ್ಪ ಅಮ್ಮನಿಗೆ ಮೊದಲೇ ತಿಳಿಸಿರಬೇಕಿತ್ತು. ಆ ತಂದೆ ಫೋನ್ ಮಾಡಿದ್ದು ಒಳ್ಳೆಯದೇ ಆಯಿತು, ಬೇರೆ ಎಲ್ಲೋ ಹೋಗಿ ಹೇಳಿದ್ದರೆ?

ಭೀಮಾತೀರ (ಕಲಬುರಗಿ)
ವಕೀಲರೇ ಒಂದು ಕೇಳುತ್ತೇನೆ. ಟ್ಯೂಷನ್ ಮನೆಯಲ್ಲಿ ಸರಸ್ವತಿ ಫೋಟೊಗೆ ಕೈ ಮುಗಿಸಿ, ಶ್ಲೋಕ ಹೇಳಿಸಿ ಪಾಠ ಶುರು ಮಾಡಿದರೆ ಯಾರಾದರೂ ಫೋನ್ ಮಾಡುತ್ತಾರಾ? ನಾವು ಓದುವಾಗ ಶಾಲೆಯಲ್ಲೇ ದಿನಾ ಮಾಡಿಸುತ್ತಿದ್ದರು, ನಮ್ಮಪ್ಪನನ್ನು ಯಾರೂ ಕೇಳಲಿಲ್ಲ. ಬುದ್ಧನ ಕಥೆ ಬಂದ ಕೂಡಲೇ ಮತಾಂತರ ನೆನಪಾಗುತ್ತೆ. ಇದರ ಹಿಂದೆ ಜಾತಿ ಇದೆ, ಸುಮ್ನೆ ಸುತ್ತಿ ಬಳಸಿ ಮಾತಾಡುವುದು ಬೇಡ. ಬಾಬಾಸಾಹೇಬರ ಫೋಟೊ ಪಕ್ಕದಲ್ಲಿ ಇಲ್ಲದೇ ಇದ್ದಿದ್ದರೆ ಅದೇ ತಂದೆ "ಮೆಡಿಟೇಷನ್ ಮಾಡಿಸ್ತಾರೆ, ತುಂಬಾ ಒಳ್ಳೇ ಮೇಡಂ" ಅನ್ನುತ್ತಿದ್ದ.

ವಕೀಲ_ಸಾಹೇಬ (ಹುಬ್ಬಳ್ಳಿ)
ಅದು ಸತ್ಯ. ಅಲ್ಲಗಳೆಯುವುದಿಲ್ಲ. ಆದರೆ ಅವರು ಮಾಡಿದ್ದು ತಪ್ಪು ಅಂತ ನಾವು ಹೇಳಬೇಕಾದರೆ ನಾವು ಅದನ್ನೇ ಮಾಡಬಾರದು.

ಭೀಮಾತೀರ (ಕಲಬುರಗಿ)
ಅದನ್ನೇ ಅಂದರೆ ಯಾವುದನ್ನು? ಅವರದ್ದು ಕಡ್ಡಾಯ. ಇಲ್ಲಿ ಮಕ್ಕಳೇ ಕೇಳಿದ್ದು. ಎರಡೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಬೆಳಗೊಳದ_ಶ್ರಾವಕ
ನಾನು ಜೈನ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲೂ ಸ್ವಾಧ್ಯಾಯ ನಡೆಸುವವರು ಬಹಳ ಮಂದಿ ಶ್ರಾವಕರೇ (ಸಂಸಾರಿ ಜೈನರೇ), ಮುನಿಗಳು ಊರಿಂದೂರಿಗೆ ನಡೆಯುತ್ತಾ ಇರುತ್ತಾರಲ್ಲ. ಅಂದಹಾಗೆ ಬುದ್ಧನ ಉಪಾಸಕನಾದ ನಿಮ್ಮ ಉಪಾಲಿ ಗೃಹಪತಿ ನಮ್ಮ ಕಡೆಯಿಂದ ಹೋದವನು 😄

ಪಾಳಿ_ಪ್ರೇಮಿ (ಧಾರವಾಡ)
ಹೌದು, ಮತ್ತು ಈ ಚರ್ಚೆಗೆ ಅದು ಚೆನ್ನಾಗಿ ಹೊಂದುತ್ತೆ. ಉಪಾಲಿ ವಾದಕ್ಕೆ ಬಂದು ಸೋತು ನಿಮ್ಮ ಉಪಾಸಕನಾಗುತ್ತೇನೆ ಅಂದಾಗ ಬುದ್ಧ ಕುಣಿದಾಡಲಿಲ್ಲ. ಚೆನ್ನಾಗಿ ಯೋಚನೆ ಮಾಡು, ನಿನ್ನಂಥ ಹೆಸರುಳ್ಳವನು ವಿಚಾರ ಮಾಡಿ ನಡೆಯಬೇಕು ಅಂದ. ಆಮೇಲೆ, ನಿಮ್ಮ ಮನೆ ಇಷ್ಟು ಕಾಲ ನಿಗಂಠರಿಗೆ (ಜೈನ ಮುನಿಗಳಿಗೆ) ಆಸರೆಯಾಗಿತ್ತು, ಅವರು ಬಂದರೆ ಭಿಕ್ಷೆ ನಿಲ್ಲಿಸಬೇಡ ಅಂದ. ಇದನ್ನು ಆ ತಂದೆಗೆ ಹೇಳಬಹುದು ಮೇಡಂ.

ಬೋಧಿಎಲೆ (ಬೆಂಗಳೂರು)
ಪಾಳಿ ಪ್ರೇಮಿಗಳು ತಮಗೆ ಬೇಕಾದ್ದು ಮಾತ್ರ ಆರಿಸುತ್ತಿದ್ದಾರೆ. ಬುದ್ಧನ ಸಾಹುಕಾರ ಉಪಾಸಕ ಅನಾಥಪಿಂಡಿಕನ ಕೊನೆಗಾಲದ ಸುತ್ತ ಯಾಕೆ ಬಿಟ್ಟಿರಿ? ಬುದ್ಧನ ಶಿಷ್ಯ ಸಾರಿಪುತ್ತ ಆಳವಾದ ಧಮ್ಮ ಹೇಳುತ್ತಾನೆ, ಗೃಹಪತಿ ಅಳುತ್ತಾನೆ. ಇಷ್ಟು ವರ್ಷ ಸಂಘದ ಸೇವೆ ಮಾಡಿದೆ, ಇಂಥ ಮಾತು ಒಮ್ಮೆಯೂ ಕೇಳಿರಲಿಲ್ಲ ಅನ್ನುತ್ತಾನೆ. ಅದಕ್ಕೆ ಬಂದ ಉತ್ತರ: ಬಿಳಿ ಬಟ್ಟೆಯ ಗೃಹಸ್ಥರಿಗೆ ಇದನ್ನು ಹೇಳುವುದಿಲ್ಲ, ಪಬ್ಬಜಿತರಿಗೆ (ಮನೆ ಬಿಟ್ಟ ಭಿಕ್ಷುಗಳಿಗೆ) ಮಾತ್ರ. ಅಂದರೆ ಒಂದು ಗೆರೆ ಇತ್ತು ಅಲ್ವಾ?

ಖುಜ್ಜುತ್ತರಾ_ಫ್ಯಾನ್ (ಶಿವಮೊಗ್ಗ)
ಅಯ್ಯೋ, ಅರ್ಧಕ್ಕೇ ನಿಲ್ಲಿಸಿಬಿಟ್ಟಿರಲ್ಲ! ಮುಂದಿನ ಸಾಲು ಓದಿ. ಹಾಗಾದರೆ ಗೃಹಸ್ಥರಿಗೂ ಹೇಳಿ ಸ್ವಾಮಿ, ಕಣ್ಣಲ್ಲಿ ಧೂಳು ಕಡಿಮೆ ಇರುವವರು ನಮ್ಮಲ್ಲೂ ಇದ್ದಾರೆ, ಕೇಳದೇ ಹಾಳಾಗುತ್ತಿದ್ದಾರೆ ಅಂತ ಸಾಯುವ ಹೊತ್ತಲ್ಲಿ ಕೇಳಿಕೊಂಡನಲ್ಲ ಅವನು. ಆ ಮನುಷ್ಯ ತಾನೂ ಸುಮ್ಮನಿದ್ದವನಲ್ಲ, ಹಿಂದೊಮ್ಮೆ ಬೇರೆ ಪಂಥದ ಪರಿವ್ರಾಜಕರ ಜೊತೆ ವಾದ ಮಾಡಿ ಬಂದು ವರದಿ ಒಪ್ಪಿಸಿದಾಗ ಬುದ್ಧ ಮೆಚ್ಚಿಕೊಂಡ.

ಇಷ್ಟು ಹೊತ್ತಾದರೂ ಒಬ್ಬ ಹೆಂಗಸಿನ ಹೆಸರೂ ಬರಲಿಲ್ಲ, ನೋಡಿ. ಕೋಸಂಬಿಯ ರಾಣಿ ಸಾಮಾವತಿಯ ದಾಸಿ ಖುಜ್ಜುತ್ತರಾ, ಬೆನ್ನು ಗೂನು. ದಿನಾ ಹೂವಿಗೆ ಅಂತ ಎಂಟು ಕಹಾಪಣ (ಆ ಕಾಲದ ನಾಣ್ಯ) ಕೊಟ್ಟರೆ ನಾಲ್ಕಕ್ಕೆ ಹೂವು ತಂದು ನಾಲ್ಕು ಇಟ್ಟುಕೊಳ್ಳುತ್ತಿದ್ದಳು. ಒಂದು ದಿನ ಹೂವಿನವನ ಮನೆಯಲ್ಲಿ ಬುದ್ಧನ ಮಾತು ಕೇಳಿ ಎಂಟಕ್ಕೂ ಹೂವು ತಂದಳು. ಇವತ್ತೇನೇ ಇಷ್ಟೊಂದು ಹೂವು ಅಂತ ರಾಣಿ ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿದಳು. ರಾಣಿ ಬೈಯಲಿಲ್ಲ. ನೀನು ಕೇಳಿದ್ದನ್ನು ನಮಗೂ ಹೇಳು ಅಂತ ಅವಳನ್ನು ಎತ್ತರದ ಪೀಠದಲ್ಲಿ ಕೂರಿಸಿ ಅಂತಃಪುರದವರೆಲ್ಲ ಕೆಳಗೆ ಕೂತರು. ಅವರು ಹೊರಗೆ ಹೋಗುವ ಹಾಗಿರಲಿಲ್ಲ, ಇವಳು ಹೋಗಿ ಕೇಳಿ ಬಂದು ಹೇಳಬೇಕಿತ್ತು. ಇತಿವುತ್ತಕ ಅನ್ನುವ ಬುದ್ಧವಚನಗಳ ಗ್ರಂಥ ಹಾಗೇ ಉಳಿಯಿತು ಅಂತ ಪರಂಪರೆ ಹೇಳುತ್ತೆ. ಬಹುಶ್ರುತ ಉಪಾಸಿಕೆಯರಲ್ಲಿ ಅಗ್ರಳು ಅಂತ ಬುದ್ಧನೇ ಹೆಸರಿಸಿದ್ದಾನೆ. ಅರಮನೆ ಒಳಗೆ ಭಂತೇಜಿ ಬರುವ ತನಕ ಕಾಯಿರಿ ಅಂದಿದ್ದರೆ ಆಗುತ್ತಿತ್ತಾ? ಬೀದರ್‌ನ ಅಣ್ಣ ಹೇಳಿದ ಕಂಡಕ್ಟರ್ ಕೂಡ ಇದೇ ಕೆಲಸ ಮಾಡುತ್ತಿರುವುದು.

ಬೋಧಿಎಲೆ (ಬೆಂಗಳೂರು)
ಸರಿ, ನಿಯಮ ಇಲ್ಲ ಅಂತ ಒಪ್ಪಿಕೊಳ್ಳೋಣ. ಹೇಗೆ ಹೇಳಬೇಕು ಅನ್ನುವುದಕ್ಕಾದರೂ ಒಂದು ಅಳತೆ ಇರಬೇಕಲ್ಲ. ಉದಾಯಿ ಅನ್ನುವ ಭಿಕ್ಷು ಗೃಹಸ್ಥರಿಗೆ ಬೋಧಿಸುತ್ತಿದ್ದಾಗ ಬುದ್ಧ ಆನಂದನಿಗೆ ಹೇಳಿದ ಐದು ಮಾತು ಇದೆ. ಹಂತಹಂತವಾಗಿ ಹೇಳು, ಕಾರಣ ತೋರಿಸಿ ಹೇಳು, ಕರುಣೆಯಿಂದ ಹೇಳು, ಲಾಭದ ಆಸೆ ಬೇಡ, ತನ್ನನ್ನೂ ಬೇರೆಯವರನ್ನೂ ನೋಯಿಸಬೇಡ. ಬೇರೆಯವರಿಗೆ ಧಮ್ಮ ಹೇಳುವುದು ಸುಲಭ ಅಲ್ಲ ಅಂತಲೇ ಆ ಮಾತು ಶುರುವಾಗುವುದು. ಎಷ್ಟು ಜನ ಪಾಸ್ ಆಗುತ್ತೀರಿ?

ಹತ್ತು_ದಿನ_ಮೌನ
ನಮ್ಮ ಭಾವ ಐದರಲ್ಲೂ ಫೇಲ್.

ಕುಶಾಲನಗರದವನು
ಆ ಐದರಲ್ಲಿ ಲಾಭದ ಆಸೆ ಅನ್ನುವುದು ಈಗ ದೊಡ್ಡ ಸಮಸ್ಯೆ. ಎರಡು ದಿನದ "ಮೈಂಡ್‌ಫುಲ್‌ನೆಸ್" ಶಿಬಿರಕ್ಕೆ ರೆಸಾರ್ಟ್‌ಗಳಲ್ಲಿ ಸಾವಿರಾರು ರೂಪಾಯಿ ತೆಗೆದುಕೊಳ್ಳುತ್ತಾರೆ, ಶೀಲದ ಸುದ್ದಿಯೇ ಇಲ್ಲ. ಅವರನ್ನು ಯಾರೂ ಕೇಳಲ್ಲ, ಟ್ಯೂಷನ್ ಮಿಸ್ ಮೇಲೆ ಬೀಳುತ್ತೀರಿ.

ಟ್ಯೂಷನ್_ಮಿಸ್ (ಮೈಸೂರು)
ಎಲ್ಲಾ ಓದಿದೆ, ತುಂಬಾ ಥ್ಯಾಂಕ್ಸ್. ಖುಜ್ಜುತ್ತರಾ ಕಥೆ ನನಗೆ ಗೊತ್ತೇ ಇರಲಿಲ್ಲ, ಈ ಶನಿವಾರ ಅದೇ. ವಿಹಾರದ ಹಿರಿಯರಿಗೆ ಮಹಾನಾಮ ಸುತ್ತ ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸುತ್ತೇನೆ, ವಾದಕ್ಕಲ್ಲ, ಅವರು ಒಳ್ಳೆಯವರೇ. ವಕೀಲರ ಮಾತಿನಂತೆ ಅಪ್ಪ ಅಮ್ಮಂದಿರ ಗ್ರೂಪಿಗೆ ಮೆಸೇಜ್ ಹಾಕಿದೆ: ಶನಿವಾರ ಪಾಠ ಮುಗಿದ ಮೇಲೆ ಕಾಲು ಗಂಟೆ ಕಥೆ ಇರುತ್ತೆ, ಇಷ್ಟ ಇಲ್ಲದವರ ಮಕ್ಕಳು ಮೊದಲೇ ಹೊರಡಬಹುದು. ಆ ತಂದೆ ನೋಡಿದ್ದಾರೆ, ಉತ್ತರ ಇಲ್ಲ. ಫೋಟೊ ಮಾತ್ರ ತೆಗೆಯುವುದಿಲ್ಲ, ಅದು ನಮ್ಮ ಮನೆ.

ಭೀಮಾತೀರ (ಕಲಬುರಗಿ)
ಜೈ ಭೀಮ್! ಕೊನೇ ಸಾಲು ಸೂಪರ್.

ವಕೀಲ_ಸಾಹೇಬ (ಹುಬ್ಬಳ್ಳಿ)
ಉಸಿರಿನ ಐದು ನಿಮಿಷದ ಬಗ್ಗೆಯೂ ಮೆಸೇಜ್‌ನಲ್ಲಿ ಬರೆಯಬೇಕಿತ್ತು.

ಭೀಮಾತೀರ (ಕಲಬುರಗಿ)
ಉಸಿರಾಡೋಕೂ ಪರ್ಮಿಷನ್ನಾ ವಕೀಲರೇ?

ಹೊಯ್ಸಳ_ಹಾಸನ
ಮಕ್ಕಳಿಗೆ ಓದಲು ಕೊಡುವಂಥ ಬುದ್ಧನ ಕಥೆಗಳು ಕನ್ನಡದಲ್ಲಿ ಎಲ್ಲಿ ಸಿಗುತ್ತೆ? ನನ್ನ ಮಗಳಿಗೆ ಬೇಕು.

ಪಾಳಿ_ಪ್ರೇಮಿ (ಧಾರವಾಡ)
ಬೆಂಗಳೂರು ಗಾಂಧಿನಗರದ ಮಹಾಬೋಧಿ ಸೊಸೈಟಿಯಲ್ಲಿ ಕೇಳಿ. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ್ದು, ಕನ್ನಡದಲ್ಲಿ ಪುಸ್ತಕ ತಂದಿದ್ದಾರೆ. ಮಗಳಿಗೆ ಎಷ್ಟು ವಯಸ್ಸು? ಚಿಕ್ಕವಳಾದರೆ ಜಾತಕದಿಂದ ಶುರು ಮಾಡಿ, ಮಂಗ, ಮೊಸಳೆ ಎಲ್ಲಾ ಇರುತ್ತೆ.

ಬೋಧಿಎಲೆ (ಬೆಂಗಳೂರು)
ನಾನು ಅಲ್ಲೇ ಹತ್ತಿರದಲ್ಲಿದ್ದೇನೆ. ಬೇಕಾದರೆ ಹೇಳಿ, ತೆಗೆದು ಕೊರಿಯರ್ ಮಾಡುತ್ತೇನೆ.

ನೀಲಿ_ಬಾವುಟ (ಬೀದರ್)
ಬೋಧಿಎಲೆಯವರೇ, ಅದು ಪ್ರಚಾರ ಆಗಲ್ವಾ? 😜

ಬೋಧಿಎಲೆ (ಬೆಂಗಳೂರು)
ಅವರೇ ಕೇಳಿದ್ದು ಕಣ್ರೀ!